ಕರೆಂಟ್ ಬೇಡದ ಬೆಳಕು: ರೇಡಿಯಂ, ಟ್ರಿಟಿಯಂ ಮತ್ತು ಅರ್ಧಾಯುವಿನ ಲೆಕ್ಕ

ಜುಲೈ ಬಂತೆಂದರೆ ಕೊಡಗಿನಲ್ಲಿ ಲೈನ್ ಮೇಲೆ ಮರ ಬೀಳುವುದು ಮಾಮೂಲು. ಭಾಗಮಂಡಲ, ನಾಪೋಕ್ಲು ಕಡೆ ಒಮ್ಮೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಸೋಲಾರ್‌ಗೆ ಬಿಸಿಲಿಲ್ಲ, ಯುಪಿಎಸ್ ಎರಡನೇ ದಿನಕ್ಕೇ ಕೈಕೊಡುತ್ತದೆ. ವಿಕಿರಣಶೀಲ ವಸ್ತುವಿನಿಂದ ವರ್ಷಗಟ್ಟಲೆ ಆರದ ದೀಪ ಮಾಡಬಹುದು ಎಂದು ಎಲ್ಲೋ ಓದಿದವರಿಗೆ, ನಮ್ಮ ತೋಟದ ಮನೆಗೂ ಒಂದು ಇದ್ದರೆ ಚೆನ್ನಾಗಿತ್ತು ಅನ್ನಿಸದೆ ಇರುತ್ತದೆಯೇ? ಅರ್ಧಾಯು, ಅಂದರೆ ವಿಕಿರಣಶೀಲ ವಸ್ತುವಿನ ಅರ್ಧದಷ್ಟು ಪರಮಾಣುಗಳು ಒಡೆಯಲು ಹಿಡಿಯುವ ಕಾಲ. ಈ ಪಾಠ ತಲೆಗೆ ಹತ್ತಬೇಕಾದರೆ ದೀಪದ ಪ್ರಶ್ನೆಯನ್ನೇ ಹಿಡಿದು ಹೊರಡಬಹುದು.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಇಲ್ಲಿ ಇಬ್ಬರು ಕೂಡಿ ದುಡಿಯುತ್ತಾರೆ. ವಿಕಿರಣಶೀಲ ಪರಮಾಣು ಒಡೆದು ಆಲ್ಫಾ ಅಥವಾ ಬೀಟಾ ಕಣವನ್ನು ಹೊರಗೆ ಎಸೆಯುತ್ತದೆ. ಪಕ್ಕದಲ್ಲಿರುವ ಫಾಸ್ಫರ್ ಪುಡಿ, ಹೆಚ್ಚಾಗಿ ಜಿಂಕ್ ಸಲ್ಫೈಡ್, ಆ ಪೆಟ್ಟು ತಿಂದು ಬೆಳಕು ಕೊಡುತ್ತದೆ. ಕತ್ತಲಲ್ಲಿ ಹೊಳೆಯುವ ಇತರ ವಸ್ತುಗಳನ್ನು ಇದರ ಜೊತೆ ಸೇರಿಸಬೇಡಿ. ಜೀಪಿನ ಹಿಂದೆ ಅಂಟಿಸುವ ರೇಡಿಯಂ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲವೇ ಇಲ್ಲ, ಅದು ಬಿದ್ದ ಬೆಳಕನ್ನು ವಾಪಸ್ ಕಳಿಸುತ್ತದೆ ಅಷ್ಟೆ. ಮಕ್ಕಳ ಕೋಣೆಯ ಚಾವಣಿಯ ನಕ್ಷತ್ರಗಳು ಹಗಲು ಹೀರಿದ್ದನ್ನು ರಾತ್ರಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ, ಬೆಳಗಾಗುವ ಹೊತ್ತಿಗೆ ಮಂಕಾಗಿರುತ್ತವೆ.

ರೇಡಿಯಂ ಅನ್ನು ಕ್ಯೂರಿ ದಂಪತಿ ಕಂಡುಹಿಡಿದದ್ದು 1898ರಲ್ಲಿ. ರೇಡಿಯಂ 226ರ ಅರ್ಧಾಯು ಸುಮಾರು 1600 ವರ್ಷ. ಇದನ್ನು ಜಿಂಕ್ ಸಲ್ಫೈಡ್ ಜೊತೆ ಕಲಸಿ ಗಡಿಯಾರದ ಮುಳ್ಳು, ಅಂಕಿಗಳಿಗೆ ಬಳಿದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಕಾರ್ಖಾನೆಯಲ್ಲಿ ಬಣ್ಣ ಹಚ್ಚುತ್ತಿದ್ದ ಹುಡುಗಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಿ ಎಂದು ಹೇಳಿಕೊಟ್ಟಿದ್ದರು. ಪ್ರತಿ ಸಲವೂ ಒಂದಿಷ್ಟು ರೇಡಿಯಂ ಹೊಟ್ಟೆಗೆ. ಆವರ್ತ ಕೋಷ್ಟಕ ತೆಗೆದು ನೋಡಿ: ರೇಡಿಯಂ ಇರುವುದು ಕ್ಯಾಲ್ಸಿಯಂನ ಕಂಬಸಾಲಿನಲ್ಲೇ. ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಯ್ದು ಮೂಳೆಯಲ್ಲಿ ಕೂರಿಸುತ್ತದೆ. ಹಲ್ಲು ಉದುರಿತು, ದವಡೆ ಕೊಳೆಯಿತು, ಹಲವರು ಸತ್ತರು. ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಜೊತೆಗಾರ್ತಿಯರು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ರಸಾಯನಶಾಸ್ತ್ರದಲ್ಲಿ 'ಒಂದೇ ಗುಂಪಿನ ಧಾತುಗಳು ಒಂದೇ ಥರ ವರ್ತಿಸುತ್ತವೆ' ಎಂಬ ಸಾಲನ್ನು ಸುಮ್ನೆ ಉರು ಹೊಡೆಯುವವರು ಇದನ್ನು ಒಮ್ಮೆ ಯೋಚಿಸಬೇಕು.

ಕೊಡಗಿನವರಿಗೆ ಇದು ತೀರಾ ದೂರದ ಮಾತಲ್ಲ. ಇಲ್ಲಿ ಸೈನ್ಯಕ್ಕೆ ಹೋಗದ ಮನೆತನ ಹುಡುಕಬೇಕು. ತಾತನ ಟ್ರಂಕಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಕೈಗಡಿಯಾರವೋ ದಿಕ್ಸೂಚಿಯೋ ಇದ್ದರೆ, ಅದರ ಅಂಕಿಗಳ ಮೇಲಿನ ಕಂದುಬಣ್ಣಕ್ಕೆ ತಿರುಗಿದ ಬಣ್ಣ ರೇಡಿಯಂ ಇರಬಹುದು. ಈಗ ಹೊಳೆಯುವುದಿಲ್ಲ ಅಲ್ವಾ, ಹಾಗಾದರೆ ಸತ್ವ ಮುಗಿದಿದೆ ಎಂದುಕೊಳ್ಳಬೇಡಿ. ಲೆಕ್ಕ ಹಾಕಿ: 80 ವರ್ಷ ಎಂದರೆ ಅರ್ಧಾಯುವಿನ ಇಪ್ಪತ್ತನೇ ಒಂದು ಭಾಗ. ಉಳಿದಿರುವ ರೇಡಿಯಂ ಸುಮಾರು ಶೇ 96.6. ಸೋತದ್ದು ಜಿಂಕ್ ಸಲ್ಫೈಡ್. ಆಲ್ಫಾ ಕಣಗಳ ಪೆಟ್ಟಿಗೆ ಅದರ ಹರಳು ಹಾಳಾಗಿದೆ. ಗಾಜು ಬಿಚ್ಚುವುದು, ಬಣ್ಣ ಕೆರೆಯುವುದು ಖಂಡಿತ ಬೇಡ, ಆ ಧೂಳು ಒಳಗೆ ಹೋಗಬಾರದು.

ಇಲ್ಲಿಂದ ಒಂದು ವಿಷಯ ಹೊಳೆಯುತ್ತದೆ. ಫಾಸ್ಫರ್ ಬದುಕುವುದೇ ಕೆಲವು ವರ್ಷವಾದರೆ 1600 ವರ್ಷದ ಇಂಧನ ಯಾಕೆ? ಅರ್ಧಾಯು ಉದ್ದವಾದಷ್ಟೂ ಅಷ್ಟೇ ಪರಮಾಣುಗಳಲ್ಲಿ ಪ್ರತಿ ಸೆಕೆಂಡಿಗೆ ಒಡೆಯುವುದು ಕಡಿಮೆ. ವರ್ಷಕ್ಕೊಮ್ಮೆ ಬರುವ ಕಾಫಿ ದುಡ್ಡಿನ ಹಾಗೆ: ದಿನಕ್ಕೆ ಜಾಸ್ತಿ ಖರ್ಚು ಮಾಡಿದರೆ ಬೇಗ ಮುಗಿಯುತ್ತದೆ, ಎಳೆದು ಬಾಳಿಸಿದರೆ ಕೈ ಬಿಗಿ ಹಿಡಿಯಬೇಕು. ಪ್ರೊಮೀಥಿಯಂ 147 ಎಂಬುದನ್ನೂ ಬಳಸಿ ನೋಡಿದರು. ಅದರ ಅರ್ಧಾಯು ಬರೀ 2.6 ವರ್ಷ.

ನಡುವೆ ಸಿಕ್ಕಿದ್ದು ಟ್ರಿಟಿಯಂ, ಅಂದರೆ ಹೈಡ್ರೋಜನ್ 3. ಅರ್ಧಾಯು 12.3 ವರ್ಷ. ಇದರ ಬೀಟಾ ಕಣ ಎಷ್ಟು ಸಪ್ಪೆ ಎಂದರೆ ಗಾಳಿಯಲ್ಲಿ ಸುಮಾರು 6 ಮಿಲಿಮೀಟರ್ ಹೋಗುವಷ್ಟರಲ್ಲಿ ನಿಂತುಬಿಡುತ್ತದೆ, ಚರ್ಮದ ಮೇಲಿನ ಸತ್ತ ಪದರವನ್ನೂ ದಾಟುವುದಿಲ್ಲ. ಬೆಂಕಿಕಡ್ಡಿಗಿಂತ ಸಣ್ಣ ಗಾಜಿನ ಕೊಳವೆ, ಒಳಗೋಡೆಗೆ ಫಾಸ್ಫರ್ ಲೇಪ, ಒಳಗೆ ಟ್ರಿಟಿಯಂ ಅನಿಲ, ಎರಡೂ ತುದಿ ಕರಗಿಸಿ ಮುಚ್ಚಿದ್ದು. ಇಷ್ಟೇ. ಸ್ವಿಚ್ ಇಲ್ಲ, ಆರಿಸಲೂ ಆಗುವುದಿಲ್ಲ. ಕೈಗಡಿಯಾರ, ಬಂದೂಕಿನ ಗುರಿಬಿಂದು, ಕೆಲವು ದೇಶಗಳ ಎಕ್ಸಿಟ್ ಬೋರ್ಡುಗಳಲ್ಲಿ ಇರುವುದು ಇದೇ. 12 ವರ್ಷಕ್ಕೆ ಬೆಳಕು ಅರ್ಧ, 25 ವರ್ಷಕ್ಕೆ ಕಾಲು. ಫಾಸ್ಫರ್ ಕೂಡ ಸವೆಯುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಕಡಿಮೆಯೇ.

ಇನ್ನು ತೋಟದ ಮನೆಯ ಬಲ್ಬಿಗೆ ಬರೋಣ. 9 ವ್ಯಾಟಿನ ಎಲ್‌ಇಡಿಯಿಂದ ಬೆಳಕಾಗಿ ಬರುವುದು ಅಂದಾಜು 3 ವ್ಯಾಟ್. ಒಂದು ಗ್ರಾಂ ಟ್ರಿಟಿಯಂ ಹೊರಹಾಕುವ ಒಟ್ಟು ಶಕ್ತಿಯೇ 0.32 ವ್ಯಾಟ್. ಅದರಲ್ಲಿ ಶೇ 10 ಬೆಳಕಾಯಿತು ಎಂದು ಉದಾರವಾಗಿ ಹಿಡಿದರೂ 0.03 ವ್ಯಾಟ್. ಅಂದರೆ ಒಂದು ಬಲ್ಬಿಗೆ 100 ಗ್ರಾಂ ಬೇಕು. ಗ್ರಾಂಗೆ ಸಾಮಾನ್ಯವಾಗಿ ಹೇಳುವ ಬೆಲೆ ಸುಮಾರು 30,000 ಡಾಲರ್. ಒಂದು ಬಲ್ಬಿಗೆ 25 ಕೋಟಿ ರೂಪಾಯಿಗೂ ಮೇಲಾಯಿತು, ತೋಟವನ್ನೇ ಮಾರಬೇಕಾದೀತು! ಬಾಗಿಲ ಚಿಲಕ, ಟಾರ್ಚ್ ಇಟ್ಟ ಜಾಗ, ಮೆಟ್ಟಿಲ ಅಂಚು ತೋರಿಸಲು ಮಿಲಿಗ್ರಾಂಗಿಂತ ಕಡಿಮೆ ಸಾಕು. ಅದು ಗುರುತಿನ ಬೆಳಕು, ಓದುವ ಬೆಳಕಲ್ಲ.

ಸಪ್ಪೆ ಕಣ ಎಂದು ಸದರ ಮಾಡಿಕೊಳ್ಳುವಂತಿಲ್ಲ. ಟ್ರಿಟಿಯಂ ನೀರಿನೊಳಗೆ ಸೇರಿಕೊಂಡರೆ ನೀರಿನ ಜೊತೆಗೇ ಮೈಗೆಲ್ಲ ಹರಡುತ್ತದೆ. ನಮ್ಮ ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲಿ ಆ ನೀರಿನ ಡ್ಯೂಟೀರಿಯಂ (ಹೈಡ್ರೋಜನ್ 2) ಒಂದು ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತದೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹದಲ್ಲಿ ಅದು ಪತ್ತೆಯಾಯಿತು. ದೇಹದ ನೀರು ಬದಲಾದಂತೆ ಇದೂ ಹೊರಗೆ ಹೋಗುತ್ತದೆ, ಸುಮಾರು ಹತ್ತು ದಿನಕ್ಕೆ ಅರ್ಧ. ಪಾಠದಲ್ಲಿ ಬರುವ ಅರ್ಧಾಯು ಬೇರೆ, ದೇಹದೊಳಗಿನ ಈ ಅರ್ಧಾಯು ಬೇರೆ. ಟ್ರಿಟಿಯಂ ಕೊಳವೆ ಒಡೆದರೆ ಕಿಟಕಿ ಬಾಗಿಲು ತೆರೆದು ಹೊರಗೆ ಬಂದುಬಿಡಬೇಕು.

ಜೋರು ಬೆಳಕೇ ಬೇಕೆಂದರೆ ದಾರಿ ಬೇರೆ: ವಿಕಿರಣದ ಬಿಸಿಯಿಂದ ಕರೆಂಟ್ ಮಾಡಿ ಅದರಿಂದ ದೀಪ ಉರಿಸುವುದು. ಸೋವಿಯತ್ ಒಕ್ಕೂಟ ಆರ್ಕ್ಟಿಕ್ ಕರಾವಳಿಯ ದೀಪಸ್ತಂಭಗಳಿಗೆ ಸ್ಟ್ರಾನ್ಷಿಯಂ 90 ಇಟ್ಟು ಹೀಗೆ ಮಾಡಿತ್ತು. ಕಾಯುವವರಿಲ್ಲದ ಕಡೆ ಗುಜರಿ ಕಳ್ಳರು ಅವನ್ನೂ ಒಡೆದರು.

ಅಭ್ಯಾಸಕ್ಕೊಂದು ಲೆಕ್ಕ: ಸ್ಟ್ರಾನ್ಷಿಯಂ 90ರ ಅರ್ಧಾಯು 28.8 ವರ್ಷ. 1976ರ ಜನವರಿಯಲ್ಲಿ ಒಂದು ದೀಪಸ್ತಂಭಕ್ಕೆ ತುಂಬಿದ್ದರು ಎಂದಿಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗ ಮಾತ್ರ ಉಳಿಯುವುದು ಯಾವ ವರ್ಷಕ್ಕೆ? ಕ್ಯಾಲ್ಕುಲೇಟರ್ ಬೇಕಿಲ್ಲ. ಉತ್ತರ 2033.