ಜೀರ್ಣಾಂಗಗಳು: ಯಾವುದು ಕೈಕೊಟ್ಟರೆ ಏನಾಗುತ್ತದೆ

ಈ ಪಾಠವನ್ನು ಮೊದಲು ಹೆಸರುಗಳ ಪಟ್ಟಿ ಥರ ಬಾಯಿಪಾಠ ಮಾಡಿದ್ದೆ, ಎರಡೇ ದಿನಕ್ಕೆ ಮರೆತುಹೋಯಿತು. ಆಮೇಲೆ ಒಂದೊಂದು ಅಂಗದ ಪಕ್ಕ ಅದು ಕೆಟ್ಟರೆ ಬರುವ ತೊಂದರೆ ಬರೆದುಕೊಂಡೆ. ಆಗ ತಲೆಯಲ್ಲಿ ಕೂತಿತು.

ಬಾಯಿಂದ ಶುರು ಮಾಡೋಣ. ಒಂದು ತುಂಡು ಬ್ರೆಡ್ ನುಂಗದೆ ಸ್ವಲ್ಪ ಹೊತ್ತು ಅಗಿಯುತ್ತಾ ಇರಿ, ನಿಧಾನಕ್ಕೆ ಸಿಹಿ ಅನ್ನಿಸುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುತ್ತದೆ. ಮುಂದಿನದು ಅನ್ನನಾಳ, ಸುಮಾರು 25 ಸೆಂ.ಮೀ. ಉದ್ದ. ತುತ್ತು ಇಲ್ಲಿ ಸುಮ್ನೆ ಜಾರಿ ಬೀಳುವುದಿಲ್ಲ, ಸ್ನಾಯುಗಳು ಹಿಂಡಿ ಹಿಂಡಿ ತಳ್ಳುತ್ತವೆ, ಅದಕ್ಕೇ ಮಲಗಿಕೊಂಡು ನುಂಗಿದರೂ ಹೊಟ್ಟೆಗೇ ಹೋಗುತ್ತದೆ. ಇದರ ಕೆಳತುದಿಯಲ್ಲಿ ಬಳೆಯಂಥ ಸ್ನಾಯು ಇದೆ. ಅದು ಸಡಿಲವಾದರೆ ಜಠರದ ಆಮ್ಲ ಮೇಲೆ ಬರುತ್ತದೆ. ಅದೇ ಎದೆಯುರಿ.

ಈ ಆಮ್ಲದ ಪಿಹೆಚ್ ಸುಮಾರು 1.5ರಿಂದ 3.5, ಅಂದರೆ ತುಂಬಾ ತೀಕ್ಷ್ಣ. ಹಾಗಾದರೆ ಜಠರವೇ ಯಾಕೆ ಕರಗಿಹೋಗಲ್ಲ? ಒಳಗೋಡೆಗೆ ಲೋಳೆಯ ಪದರ ಇದೆ, ಅದು ಹಾಳಾದ ಕಡೆ ಹುಣ್ಣಾಗುತ್ತದೆ, ಅಂದರೆ ಅಲ್ಸರ್. ಟೆನ್ಷನ್ ಮತ್ತು ಖಾರದಿಂದಲೇ ಇದು ಬರುತ್ತದೆ ಅಂತ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಇಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಅಂದರು. ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನೋವಿನ ಮಾತ್ರೆ ಜಾಸ್ತಿ ನುಂಗುವುದೂ ಅಲ್ಸರ್‌ಗೆ ಇನ್ನೊಂದು ದೊಡ್ಡ ಕಾರಣ, ಇದನ್ನು ಬರೆಯಲು ಮರೆಯಬೇಡಿ.

ಜೀರ್ಣ ಪೂರ್ತಿ ಜಠರದಲ್ಲೇ ಮುಗಿಯುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ, ಅಲ್ಲೇ ಎಡವುವುದು. ಹೆಚ್ಚಿನ ಕೆಲಸ ಆಗುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿ ಕಿಣ್ವಗಳನ್ನು ಕಳಿಸುತ್ತದೆ. ಯಕೃತ್ತು ತಯಾರಿಸಿದ ಪಿತ್ತರಸ ಪಿತ್ತಕೋಶದಿಂದ ಬಂದು, ಸೋಪು ಪಾತ್ರೆಯ ಜಿಡ್ಡು ಬಿಡಿಸುವ ಹಾಗೆ ಕೊಬ್ಬನ್ನು ಸಣ್ಣ ಹನಿ ಮಾಡುತ್ತದೆ. ಅದೇ ರಸ ಹೆಪ್ಪುಗಟ್ಟಿದರೆ ಪಿತ್ತಕೋಶದ ಕಲ್ಲು. ಇನ್ನು ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಡಿಮೆಯಿದ್ದರೆ, ಆ ಸಕ್ಕರೆ ಹಾಗೇ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ, ಹೊಟ್ಟೆ ಉಬ್ಬರ, ಗ್ಯಾಸ್.

ದೊಡ್ಡ ಕರುಳು ಮುಖ್ಯವಾಗಿ ಉಳಿದ ನೀರು ಹೀರುತ್ತದೆ. ಅಲ್ಲಿ ಮಲ ತೀರಾ ನಿಧಾನ ಸಾಗಿದರೆ ಒಣಗಿ ಮಲಬದ್ಧತೆ, ನೀರು ಹೀರುವ ಮೊದಲೇ ಓಡಿದರೆ ಭೇದಿ. ಭೇದಿಗೆ ಓಆರ್‌ಎಸ್ (ಉಪ್ಪು-ಸಕ್ಕರೆ ಬೆರೆಸಿದ ನೀರು) ಕೊಡುತ್ತಾರಲ್ಲ, ಅದರಲ್ಲಿ ಸಕ್ಕರೆ ಇರುವುದು ರುಚಿಗಲ್ಲ. ಆ ಸಕ್ಕರೆ, ಅಂದರೆ ಗ್ಲೂಕೋಸ್, ಸಣ್ಣ ಕರುಳಿನ ಗೋಡೆಯೊಳಗೆ ಹೋಗುವಾಗ ಉಪ್ಪಿನ ಸೋಡಿಯಂ ಜೊತೆಗೇ ಹೋಗುತ್ತದೆ, ಅದರ ಹಿಂದೆ ನೀರು.