99 ನಂಬರಿನ ಹೆದ್ದಾರಿ, ಹುಳಿ ಕಾರಿದ ಬೆಟ್ಟ

ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳ ನಂಬರಿಗೆ 1957ರಿಂದ ಒಂದು ಲೆಕ್ಕವಿದೆ. ಉತ್ತರ-ದಕ್ಷಿಣ ಓಡುವ ರಸ್ತೆಗೆ ಬೆಸ ಸಂಖ್ಯೆ. ಪಶ್ಚಿಮ ಕರಾವಳಿಯಲ್ಲಿ 5, ಪೂರ್ವಕ್ಕೆ ಹೋದಂತೆ ಏರುತ್ತಾ ಅಟ್ಲಾಂಟಿಕ್ ಬದಿಯಲ್ಲಿ 95. (ನಮ್ಮಲ್ಲಿ 2010ರಲ್ಲಿ ಬಂದ ಕ್ರಮ ಇದರ ಉಲ್ಟಾ: ಉತ್ತರ-ದಕ್ಷಿಣಕ್ಕೆ ಸಮ ಸಂಖ್ಯೆ, ಏರಿಕೆ ಪೂರ್ವದಿಂದ ಪಶ್ಚಿಮಕ್ಕೆ. ಮಂಗಳೂರು-ಕಾರವಾರದ ಹಳೆಯ 17 ಈಗ 66 ಆಗಿರುವುದು ಇದರಿಂದಲೇ.) ಹಾಗಾದರೆ 99 ಎಲ್ಲಿರಬೇಕು? 95ಕ್ಕಿಂತ ಪೂರ್ವಕ್ಕೆ, ಅಲ್ವಾ? ಆದರೆ ಅದು ಇರುವುದು ಪೆನ್ಸಿಲ್ವೇನಿಯಾದ ನಡುಭಾಗದ ಗುಡ್ಡಗಳಲ್ಲಿ, 79 ಮತ್ತು 81ರ ಮಧ್ಯೆ.

ಇದಕ್ಕೆ ಕಾರಣ ಸಂಸದ ಬಡ್ ಶೂಸ್ಟರ್. ಆಗ ಅವರು ಪ್ರತಿನಿಧಿ ಸಭೆಯ ಸಾರಿಗೆ ಸಮಿತಿಯ ಅಧ್ಯಕ್ಷರು. ಇಂಥ ನಂಬರನ್ನು ಸಾಮಾನ್ಯವಾಗಿ ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘ ಮತ್ತು ಕೇಂದ್ರದ ಹೆದ್ದಾರಿ ಇಲಾಖೆ ಕೂತು ಗೊತ್ತುಮಾಡುತ್ತವೆ. ಶೂಸ್ಟರ್ ಅದನ್ನು ನೇರವಾಗಿ 1995ರ ಕಾಯ್ದೆಯೊಳಗೇ ಬರೆಸಿಬಿಟ್ಟರು. ಬೆಡ್‌ಫರ್ಡ್‌ನಿಂದ ಬೆಲ್‌ಫಾಂಟ್ ಕಡೆಗೆ ಹೋಗುವ ಯುಎಸ್ 220 ರಸ್ತೆ ಇಂಟರ್‌ಸ್ಟೇಟ್ 99 ಆಯಿತು. ತಮ್ಮ ಊರು ಗ್ಲಾಸ್‌ಪೋರ್ಟಿನಲ್ಲಿ ಓಡುತ್ತಿದ್ದ 99ನೇ ನಂಬರಿನ ಟ್ರಾಮಿನ ನೆನಪಿಗೆ ಆ ಸಂಖ್ಯೆ ಎಂದರು. ಊರಿನ ಮೇಲಿನ ಮಮತೆ ಸರಿ, ಅದಕ್ಕೆ ದೇಶದ ಲೆಕ್ಕವನ್ನೇ ಕೆಡಿಸಬೇಕಿತ್ತಾ ಅನ್ನಿಸುತ್ತದೆ. ಮುಂದೆ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಬಳಿಯೂ ಇದೇ ನಂಬರಿನ ತುಂಡೊಂದು ಬಂತು. ನಡುವೆ 150 ಕಿ.ಮೀ.ಗೂ ಜಾಸ್ತಿ ದೂರ ಆ ನಂಬರೇ ಇಲ್ಲ.

ನಂಬರು ಸಿಕ್ಕಿದ ಮಾತ್ರಕ್ಕೆ ರಸ್ತೆ ಆಗಿಬಿಡುವುದಿಲ್ಲ. ಸ್ಟೇಟ್ ಕಾಲೇಜ್ ಪಟ್ಟಣದ ಹತ್ತಿರ, ಸ್ಕೈಟಾಪ್ ಎಂಬಲ್ಲಿ, ಬಾಲ್ಡ್ ಈಗಲ್ ಬೆಟ್ಟದ ಏಣನ್ನು ಕಡಿದು ದಾರಿ ಮಾಡಬೇಕಿತ್ತು. ಕಡಿದಾಗ ಬಂದ ಮರಳುಗಲ್ಲನ್ನು ತಗ್ಗು ತುಂಬಲು ಬಳಸಿದರು. ಬೆಟ್ಟದ ರಸ್ತೆಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆದರೆ ಆ ಕಲ್ಲಿನ ಸೀಳುಗಳಲ್ಲಿ ಪೈರೈಟ್ ತುಂಬಿಕೊಂಡಿತ್ತು. ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದಂತೆ ಹೊಳೆದು ಏಮಾರಿಸುವ ಖನಿಜ ಇದು.

ಬೆಟ್ಟದ ಒಳಗೆ ಗಾಳಿ ಸೋಕದೆ ಇದ್ದಷ್ಟು ಕಾಲ ಪೈರೈಟ್ ತಣ್ಣಗೆ ಇರುತ್ತದೆ. ಸಿಡಿಮದ್ದು ಇಟ್ಟು ಒಡೆದಾಗ ಕತೆ ಬೇರೆ. ಬೆಲ್ಲದ ಅಚ್ಚಿಗಿಂತ ಪುಡಿಬೆಲ್ಲ ಬೇಗ ಕರಗುವ ಹಾಗೆ, ಒಡೆದ ಕಲ್ಲಿಗೆ ಗಾಳಿ-ನೀರು ತಾಗುವ ಮೈ ಎಷ್ಟೋ ಪಟ್ಟು ಹೆಚ್ಚು. ಆಮ್ಲಜನಕ ಮತ್ತು ಮಳೆನೀರು ಸೇರಿ ಪೈರೈಟ್‌ನಿಂದ ಗಂಧಕಾಮ್ಲ ಹುಟ್ಟುತ್ತದೆ. ಬಿಡುಗಡೆಯಾದ ಕಬ್ಬಿಣ ಮತ್ತಷ್ಟು ಪೈರೈಟನ್ನು ತಿನ್ನುತ್ತದೆ. ಈ ಹುಳಿಯಲ್ಲೇ ಬದುಕುವ ಬ್ಯಾಕ್ಟೀರಿಯಾಗಳಿವೆ. ಅವು ಕಬ್ಬಿಣದಿಂದಲೇ ಶಕ್ತಿ ಪಡೆದು ಕ್ರಿಯೆಯ ವೇಗ ಹೆಚ್ಚಿಸುತ್ತವೆ. ಒಮ್ಮೆ ಶುರುವಾದರೆ ತಾನೇ ತಾನಾಗಿ ಸಾಗುತ್ತದೆ. ಕಲ್ಲಿನಿಂದ ಅಲ್ಯುಮಿನಿಯಂ, ಸತುವಿನಂಥ ಲೋಹಗಳೂ ಕರಗಿ ತೊರೆ ಸೇರುತ್ತವೆ. ಮೀನಿನ ಕಿವಿರಿಗೆ ಅದು ವಿಷ.

ವಿಚಿತ್ರವೆಂದರೆ ಪೆನ್ಸಿಲ್ವೇನಿಯಾಕ್ಕೆ ಇದು ಹೊಸ ವಿಷಯವೇ ಅಲ್ಲ. ಅಲ್ಲಿನ ಹಳೆಯ ಕಲ್ಲಿದ್ದಲು ಗಣಿಗಳಿಂದ ಹರಿಯುವ ನೀರು ಹೀಗೇ ಹುಳಿಯಾಗಿ, ಎಷ್ಟೋ ತೊರೆಗಳ ತಳ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಆದರೆ ಸ್ಕೈಟಾಪ್‌ನಲ್ಲಿ ಕಲ್ಲಿದ್ದಲು ಇರಲಿಲ್ಲ, ಇದ್ದದ್ದು ಮರಳುಗಲ್ಲು.

ಒಡೆದ ಕಲ್ಲಿನಿಂದ ಹೀಗೆ ಹುಳಿ ನೀರು ಹರಿಯತೊಡಗಿದ್ದರಿಂದ 2004ರಲ್ಲಿ ಅಲ್ಲಿ ಕೆಲಸ ನಿಂತಿತು. ತುಂಬಿದ್ದ ಲಕ್ಷಾಂತರ ಘನ ಮೀಟರ್ ಕಲ್ಲನ್ನು ಮತ್ತೆ ಅಗೆದು, ಸುಣ್ಣ ಬೆರೆಸಿ, ನೀರು ಇಳಿಯದ ಹಾಳೆ ಹಾಸಿದ ಜಾಗದಲ್ಲಿ ಸುರಿದು ಮುಚ್ಚಬೇಕಾಯಿತು. ಹಲವು ಕೋಟಿ ಡಾಲರ್ ಖರ್ಚು. 2008ರ ಹೊತ್ತಿಗೆ ಕೊನೆಗೂ ವಾಹನಗಳು ಓಡಾಡತೊಡಗಿದವು.

ಇಂಥ ಕಲ್ಲನ್ನು ಮೊದಲೇ ಪತ್ತೆಹಚ್ಚುವ ಪರೀಕ್ಷೆ ಕಷ್ಟದ್ದಲ್ಲ. ಆಳಕ್ಕೆ ಕೊರೆದು ಕಲ್ಲಿನ ಮಾದರಿ ತೆಗೆಯುತ್ತಾರೆ. ಅದರ ಗಂಧಕದಿಂದ ಎಷ್ಟು ಆಮ್ಲ ಹುಟ್ಟಬಹುದು, ಅದರಲ್ಲೇ ಇರುವ ಸುಣ್ಣದ ಅಂಶ ಎಷ್ಟನ್ನು ತಣಿಸಬಲ್ಲದು ಎಂದು ಎರಡನ್ನೂ ಅಳೆದು ಕಳೆಯುತ್ತಾರೆ. ಮರಳುಗಲ್ಲಿನಲ್ಲಿ ಸುಣ್ಣ ಬಹಳ ಕಡಿಮೆ ಇರಬಹುದು. ಹಾಗಿದ್ದಲ್ಲಿ ಸ್ವಲ್ಪ ಪೈರೈಟ್ ಸಿಕ್ಕರೂ ಲೆಕ್ಕ ಹುಳಿಯ ಕಡೆಗೇ ವಾಲುತ್ತದೆ.