ಪದ ಪರಿಚಯ: ಲೈಕ್ಲಿಹುಡ್ ರೇಶಿಯೋ

ಹೆಸರು ಕೇಳಿ ಹೆದರಬೇಡಿ. ಲೈಕ್ಲಿಹುಡ್ ರೇಶಿಯೋ ಎಂದರೆ ಒಂದು ಭಾಗಾಕಾರ, ಅಷ್ಟೇ. ಅಪರಾಧ ನಡೆದ ಜಾಗದಲ್ಲಿ ರಕ್ತದ ಕಲೆಯೋ, ಬೆರಳಚ್ಚೋ, ಗಾಜಿನ ಚೂರೋ ಸಿಕ್ಕಿದೆ ಅಂದುಕೊಳ್ಳಿ. ಆಗ ಎರಡು ಪ್ರಶ್ನೆ ಕೇಳಬೇಕು. ಆರೋಪ ನಿಜವಾಗಿದ್ದರೆ ಇಂಥ ಸಾಕ್ಷ್ಯ ಸಿಗುವ ಸಾಧ್ಯತೆ ಎಷ್ಟು? ಆರೋಪ ಸುಳ್ಳಾಗಿದ್ದರೆ ಎಷ್ಟು? ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆ ಆ ಸಾಕ್ಷ್ಯಕ್ಕೆ ಎಷ್ಟು ತೂಕ ಎಂದು ಹೇಳುತ್ತದೆ.

1 ಬಂದರೆ ಸಾಕ್ಷ್ಯ ಯಾವ ಕಡೆಗೂ ವಾಲುವುದಿಲ್ಲ. ಹೆಂಡತಿಯ ಕೊಲೆ ಕೇಸಿನಲ್ಲಿ ಗಂಡನ ಬೆರಳಚ್ಚು ಮನೆಯ ಬಾಗಿಲ ಮೇಲೆ ಸಿಕ್ಕಿತು ಅನ್ನಿ. ಅಚ್ಚು ಅವನದೇ, ಅನುಮಾನವೇ ಇಲ್ಲ. ಆದರೆ ಅವನು ವಾಸ ಇರುವುದೇ ಅಲ್ಲಿ. ಕೊಂದಿದ್ದರೂ ಅಚ್ಚು ಇರುತ್ತಿತ್ತು, ಕೊಲ್ಲದಿದ್ದರೂ ಇರುತ್ತಿತ್ತು. 'ಮ್ಯಾಚ್ ಆಯ್ತು' ಅಂದಮಾತ್ರಕ್ಕೆ ಏನೂ ತಿಳಿಯಲಿಲ್ಲ, ಅಲ್ವಾ?

ಈಗ ಡಿಎನ್‌ಎ ತೆಗೆದುಕೊಳ್ಳೋಣ. ಕಲೆ ಹಳೆಯದಾಗಿ ಪೂರ್ತಿ ಪ್ರೊಫೈಲ್, ಅಂದರೆ ಡಿಎನ್‌ಎ ಗುರುತುಗಳ ಪಟ್ಟಿ, ಸಿಗಲಿಲ್ಲ. ಸಿಕ್ಕಷ್ಟು ಭಾಗ 10,000 ಜನರಲ್ಲಿ ಒಬ್ಬರಿಗೆ ಹೊಂದುತ್ತದೆ, ಆರೋಪಿಗೂ ಹೊಂದುತ್ತದೆ. ಕಲೆ ಅವನದೇ ಆಗಿದ್ದರೆ ಹೊಂದಲೇಬೇಕು, ಅಂದರೆ ಸಾಧ್ಯತೆ 1. ಬೇರೆಯವರದಾಗಿದ್ದರೆ 10,000ದಲ್ಲಿ 1. ರೇಶಿಯೋ 10,000. ಇಲ್ಲೇ ಜನ ಜಾರಿ ಬೀಳುವುದು. 'ಹಾಗಾದರೆ ಅವನು ನಿರಪರಾಧಿ ಆಗಿರುವ ಸಾಧ್ಯತೆ 10,000ದಲ್ಲಿ ಒಂದು' ಎಂದುಬಿಡುತ್ತಾರೆ. ಕೇಳಲು ಒಂದೇ ಮಾತಿನಂತಿದೆ. ಆದರೆ ಮಾತು ತಿರುಗಿಬಿಟ್ಟಿದೆ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ನಿಜ. ನೆಲ ಒದ್ದೆಯಾಗಿದೆ ಎಂದರೆ ಮಳೆಯೇ ಬಂದಿರಬೇಕೆಂದಿಲ್ಲ, ಯಾರೋ ಬಕೆಟ್ ಬೀಳಿಸಿರಬಹುದು.

ಲೆಕ್ಕ ಹಾಕಿಯೇ ನೋಡಿ. ಆ ಊರಿನಲ್ಲಿ 5 ಲಕ್ಷ ಜನ ಇದ್ದಾರೆ, ಅವರಲ್ಲಿ ಯಾರು ಬೇಕಾದರೂ ಅಪರಾಧಿ ಆಗಿರಬಹುದು ಎನ್ನೋಣ. ಏನೂ ಮಾಡದೆ ಸುಮ್ನೆ ಹೊಂದಿಕೆಯಾಗುವವರೇ ಸುಮಾರು 50 ಜನ. ಜೊತೆಗೆ ನಿಜವಾದ ಅಪರಾಧಿ ಒಬ್ಬ. ಬೇರೆ ಯಾವ ಸಾಕ್ಷ್ಯವೂ ಇಲ್ಲದಿದ್ದರೆ, ನಮ್ಮ ಆರೋಪಿ ಅಪರಾಧಿ ಆಗಿರುವ ಸಾಧ್ಯತೆ 51ರಲ್ಲಿ ಒಂದು ಮಾತ್ರ! ಈ ತಲೆಕೆಳಗಿನ ಲೆಕ್ಕಕ್ಕೆ 'ಪ್ರಾಸಿಕ್ಯೂಟರನ (ಆರೋಪ ಹೊರಿಸುವ ಕಡೆಯ ವಕೀಲನ) ತಪ್ಪು' ಎಂಬ ಹೆಸರು 1987ರಲ್ಲಿ ಬಂತು.

ಆರೋಪಿಯ ವಕೀಲರಿಗೂ ಅವರದೇ ಒಂದು ತಪ್ಪು ಇದೆ. '50 ಜನಕ್ಕೆ ಹೊಂದುತ್ತದಲ್ಲ, ಈ ಸಾಕ್ಷ್ಯ ಕಸಕ್ಕೆ ಸಮ' ಎನ್ನುವುದು. ಹಾಗಲ್ಲ. 5 ಲಕ್ಷದಲ್ಲಿ ಒಬ್ಬನಾಗಿದ್ದವನು 51ರಲ್ಲಿ ಒಬ್ಬನಾದ. ಅದು ಸಣ್ಣ ಮಾತಲ್ಲ. ಅವನನ್ನು ಆ ಹೊತ್ತಿಗೆ ಅಲ್ಲಿ ನೋಡಿದವರಿದ್ದರೆ, ಕಳುವಾದ ಮಾಲು ಅವನ ಹತ್ತಿರ ಸಿಕ್ಕಿದರೆ ಚಿತ್ರವೇ ಬದಲಾಗುತ್ತದೆ. ಮೊದಲಿದ್ದ ಅನುಮಾನವನ್ನು ಹೊಸ ಸಾಕ್ಷ್ಯದ ರೇಶಿಯೋದಿಂದ ಗುಣಿಸುತ್ತಾ ಹೋಗುವ ಈ ದಾರಿಗೆ ಬೇಯ್ಸ್ ನಿಯಮ ಎನ್ನುತ್ತಾರೆ. ಆ ಮೊದಲ ಅನುಮಾನ ಎಷ್ಟು ಎಂದು ಹೇಳುವುದು ಲ್ಯಾಬಿನವರ ಕೆಲಸ ಅಲ್ಲ, ಕೋರ್ಟಿನ ಕೆಲಸ. ಅದಕ್ಕೇ ತಜ್ಞರು ರೇಶಿಯೋ ಹೇಳಿ ನಿಲ್ಲಿಸಬೇಕು.

ಭಾಗಾಕಾರದ ಒಂದೇ ಕಡೆ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಕೇಸು ಕುಖ್ಯಾತ. ಒಬ್ಬ ತಾಯಿಯ ಎರಡು ಎಳೆಗೂಸುಗಳು ಒಂದಾದ ಮೇಲೊಂದು ತೀರಿಕೊಂಡವು. ಕೊಲೆ ಎಂದು ಕೇಸಾಯಿತು. ಇಂಥ ಮನೆಯಲ್ಲಿ ಮಗು ಕಾರಣ ತಿಳಿಯದೆ ಸಾಯುವುದು 8,543ರಲ್ಲಿ ಒಂದು, ಎರಡೂ ಹಾಗೆ ಸಾಯುವುದು ಅದರ ವರ್ಗ, ಅಂದರೆ 7.3 ಕೋಟಿಯಲ್ಲಿ ಒಂದು ಎಂದು ವೈದ್ಯರೊಬ್ಬರು ಸಾಕ್ಷಿ ಹೇಳಿದರು. 1999ರಲ್ಲಿ ಶಿಕ್ಷೆಯಾಯಿತು. ಗುಣಿಸಿದ್ದೇ ತಪ್ಪು. ಒಂದೇ ಮನೆಯ ಮಕ್ಕಳ ಸಾವುಗಳಿಗೆ ಸಂಬಂಧವೇ ಇಲ್ಲ ಎಂದು ಹೇಗೆ ಹೇಳುವುದು? ವಂಶದಿಂದ ಬಂದ ತೊಂದರೆ ಇರಬಹುದಲ್ಲ. ಇನ್ನೊಂದು ತಪ್ಪು ಅದಕ್ಕಿಂತ ಜಾಸ್ತಿ ಕಾಡುತ್ತದೆ. ತಾಯಿಯೊಬ್ಬಳು ತನ್ನ ಎರಡು ಕೂಸುಗಳನ್ನು ಕೊಲ್ಲುವುದು ಎಷ್ಟು ಅಪರೂಪ ಎಂದು ಯಾರೂ ಪಕ್ಕದಲ್ಲಿಟ್ಟು ನೋಡಲಿಲ್ಲ. 2001ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಆಕ್ಷೇಪ ಎತ್ತಿತು. ಮುಚ್ಚಿಹೋಗಿದ್ದ ವೈದ್ಯಕೀಯ ವರದಿಯೂ ಹೊರಬಂದು, 2003ರಲ್ಲಿ ಆ ತಾಯಿ ಬಿಡುಗಡೆಯಾದರು.

ಕೊನೆಯದಾಗಿ, ವರದಿಗಳಲ್ಲಿ 'ನೂರು ಕೋಟಿಯಲ್ಲಿ ಒಂದು' ಎಂಬ ಸಂಖ್ಯೆ ಕಂಡಾಗ ನನಗೆ ಮೊದಲು ನೆನಪಾಗುವುದು ಟ್ಯೂಬಿಗೆ ಅಂಟಿಸಿದ ಲೇಬಲ್. ಇಬ್ಬರ ಡಿಎನ್‌ಎ ಆಕಸ್ಮಿಕವಾಗಿ ಹೊಂದುವುದು ಅಷ್ಟು ಅಪರೂಪ ಇರಬಹುದು. ಆದರೆ ಸ್ಯಾಂಪಲ್ ಅದಲುಬದಲಾಗುವುದು, ಒಂದರದು ಇನ್ನೊಂದಕ್ಕೆ ತಾಗುವುದು ಅಷ್ಟು ಅಪರೂಪ ಅಲ್ಲ. ಸಾವಿರಕ್ಕೊಂದು ಸಲ ಕೈತಪ್ಪು ಆಗುವ ಲ್ಯಾಬ್ ಇದೆ ಅನ್ನಿ. ಅದರ ಲೆಕ್ಕ ಸೇರಿಸದಿದ್ದರೆ ಆ ನೂರು ಕೋಟಿಗೆ ಅರ್ಥವೇ ಇಲ್ಲ. ಸೇರಿಸಿದರೆ ರೇಶಿಯೋ ಸಾವಿರದ ಹತ್ತಿರಕ್ಕೆ ಇಳಿದುಬಿಡಬಹುದು.